ಕೆಂಪು ಬಟ್ಟೆಯ ಕುರ್ಚಿ

ಯಾರಾದರೂ ಬೈದುಬಿಟ್ಟಿದ್ದರೆ ಒಳ್ಳೆಯದಿತ್ತು ಎಂದು ಒಡೀಲ್‌ಗೆ ಬೆಳಿಗ್ಗೆಯಿಂದ ಅನಿಸುತ್ತಲೇ ಇತ್ತು. ಗಾಡಿ ನಿಲ್ಲಿಸಿ ಇಳಿದಾಗಲೂ, ಬೂಟಿನ ಹಿಮ ಕೊಡವಿ ಟಿಕೆಟ್ ಕಿಟಕಿಯ ಮುಂದೆ ಹಾದುಬಂದಾಗಲೂ, ಈಗ ಬಿತ್ತು ಬೆನ್ನಿನ ಮೇಲೆ, ಇನ್ನೇನು ಬಿತ್ತು ಎಂದು ಭುಜ ಬಿಗಿಹಿಡಿದೇ ನಡೆದಳು. ಬೀಳಲಿಲ್ಲ. ಸ್ಕೀ ಆಡುವವರನ್ನು ಬೆಟ್ಟಕ್ಕೇರಿಸುವ ಲಿಫ್ಟಿನ ಬುಡದಲ್ಲಿ, ಕೇಬಲ್ಲಿಗೆ ನೇತುಬಿದ್ದ ಕುರ್ಚಿಗಳ ಹಿಮ ಗುಡಿಸುತ್ತಿದ್ದ ಡೆನಿಸ್ ಮಿಶೋ ಪೊರಕೆಯನ್ನೇ ಬಂದೂಕಿನಂತೆ ಹೆಗಲಿಗಿಟ್ಟು ಸಲಾಮು ಹೊಡೆದ. "ಬನ್ನಿ ಮಹಾರಾಣಿ, ಪಲ್ಲಕ್ಕಿ ತಯಾರು. ಇವತ್ತು ಯಾರನ್ನ ಒಣಗಿಹಾಕ್ತೀರಿ?" ಎಂದ. ಅಂದ ಮೇಲೆ ತನ್ನ ತಮಾಷೆ ತನಗೇ ಕಹಿಯಾಯಿತೋ ಏನೋ, ಬಂದ ಕುರ್ಚಿಯನ್ನು ಅವಳ ಮೊಣಕಾಲ ಹಿಂದೆ ಮೆಲ್ಲಗೆ ಹಿಡಿದುಕೊಟ್ಟ, ಮುದುಕಿಯರಿಗೆ ಹಿಡಿಯುವ ಹಾಗೆ. ಆ ಮೆಲ್ಲಗೆಯೇ ಅವಳಿಗೆ ತಡೆಯಲಾಗಲಿಲ್ಲ. ಕುರ್ಚಿ ನೆಲ ಬಿಟ್ಟಿತು. ಕೆಳಗೆ ಫರ್ ಮರಗಳು ಹಿಮದ ಮುಸುಕು ಹೊದ್ದು, ತಡವಾಗಿ ಇಗರ್ಜಿಗೆ ಬಂದವರಂತೆ ತಲೆ ತಗ್ಗಿಸಿ ನಿಂತಿದ್ದವು. ಕೊನೆಯ ಎರಡು ಕಂಬಗಳ ನಡುವಿನ ಆ ಜಾಗ ಬಂದಾಗ ಕಣ್ಣು ಮುಚ್ಚಿಕೊಳ್ಳಬೇಕು ಎಂದುಕೊಂಡಿದ್ದಳು. ಮುಚ್ಚಲಿಲ್ಲ. ಅಲ್ಲಿ ಏನೂ ಇರಲಿಲ್ಲ. ಗಾಳಿಯಲ್ಲಿ ಗುರುತು ಎಲ್ಲಿಂದ ಉಳಿಯಬೇಕು?

ನಿನ್ನೆ ಆ ಜಾಗದಲ್ಲಿ ರೆನಾಲ್ಡ್ ವಯೊಲೆಟ್ ಎಂಬ ನಿವೃತ್ತ ಪೋಸ್ಟ್‌ಮ್ಯಾನ್ ಕತ್ತಲಾಗುವವರೆಗೆ ಗಾಳಿಯಲ್ಲಿ ತೂಗಾಡಿಕೊಂಡು ಕೂತಿದ್ದ. ಅಮೆರಿಕದ ಮೇನ್ ರಾಜ್ಯದ ತುತ್ತತುದಿಯ ಈ ಸಣ್ಣ ಬೆಟ್ಟ ಊರಿನದೇ ಆಸ್ತಿ. ಇಲ್ಲಿ ದಿನ ಮುಗಿಸುವುದಕ್ಕೆ ಒಂದೇ ಕಟ್ಟುಪಾಡು, ಅದು ಎಲ್ಲರಿಗೂ ಮಗ್ಗಿಯಂತೆ ಬಾಯಿಪಾಠ. ಕೊನೆಯವನು ಹತ್ತಿ ಕೂತ ಮೇಲೆ ಅವನ ಹಿಂದಿನ ಖಾಲಿ ಕುರ್ಚಿಗೆ ಡೆನಿಸ್ ಒಂದು ಕೆಂಪು ಬಟ್ಟೆ ಕಟ್ಟಿ ಕಳಿಸುತ್ತಾನೆ. ಮೇಲ್ತುದಿಯ ಕಾವಲುಗೂಡಿನಲ್ಲಿ ಕೂತ ಒಡೀಲ್ ಹೊರಗೆ ಬಂದು, ಅದನ್ನು ಬಿಚ್ಚಿ ತೆಗೆದುಕೊಂಡು, ಫೋನಿನಲ್ಲಿ "ಕೈಯಲ್ಲಿದೆ" ಎನ್ನುತ್ತಾಳೆ. ಬಟ್ಟೆ ಕೈಗೆ ಬಂತು ಎಂದರೆ ಅದರ ಮುಂದಿದ್ದವರೆಲ್ಲ ಇಳಿದರು ಎಂದರ್ಥ. ಆಮೇಲೆ ಡೆನಿಸ್ ಯಂತ್ರ ನಿಲ್ಲಿಸುತ್ತಾನೆ. ನಿನ್ನೆ ಮಧ್ಯಾಹ್ನದಿಂದ ಹಿಮ ಅಡ್ಡಡ್ಡ ಸುರಿಯುತ್ತಿತ್ತು. ಗೂಡಿನ ಕಿಟಕಿಯ ಗಾಜಿಗೆ ಮಂಜು ಕಟ್ಟಿತ್ತು. ಅಂಗೈಯಗಲ ಉಜ್ಜಿ ನೋಡಿದಾಗ ದೂರದಲ್ಲಿ ಒಂದು ಕೆಂಪು ಕಲೆ ಕಂಡಿತು. ದಿನವೂ ಬರುವ ಬಟ್ಟೆ, ಇನ್ನೊಂದು ಗಳಿಗೆಗೆ ಬಂದೇ ಬರುತ್ತದೆ. ಒಡೀಲ್ ಸ್ಟೂಲಿನಿಂದ ಏಳದೆ ಫೋನೆತ್ತಿ "ಕೈಯಲ್ಲಿದೆ" ಎಂದಳು. ಡೆನಿಸ್ ಯಂತ್ರ ನಿಲ್ಲಿಸಿದ. ಕೆಂಪಿನ ಮುಂದೆ, ಬಿಳಿಯೊಳಗೆ ಬಿಳಿಯಾಗಿ, ಹಳೆಯ ಬೂದು ಜಾಕೀಟು ತೊಟ್ಟು ಮುದುರಿ ಕೂತ ಮನುಷ್ಯ ಅವಳ ಅಂಗೈಯಗಲದ ಲೋಕದೊಳಗೆ ಇರಲಿಲ್ಲ.

ಕೆಳಗೆ ಗಾಡಿ ನಿಲ್ಲಿಸುವ ಬಯಲಿನಲ್ಲಿ ಒಂದು ಟ್ರಕ್ಕು ಮಾತ್ರ ಯಾಕೆ ಉಳಿಯಿತು ಎಂದು ಡೆನಿಸ್‌ಗೆ ಹೊಳೆಯುವಷ್ಟರಲ್ಲಿ ಅವಳು ಹಿಮಬಂಡಿಯಲ್ಲಿ ಇಳಿದು ಬಂದು ಕಾಫಿ ಕುಡಿಯುತ್ತಿದ್ದಳು. ಬಿಸಿ ಬಿಸಿ ಕಾಫಿ, ಎರಡು ಚಮಚ ಸಕ್ಕರೆ. ಅದು ನಾಲಿಗೆಗೆ ಎಷ್ಟು ಹಿತವಾಗಿತ್ತು ಎಂಬುದನ್ನು ಮರೆಯುವುದು ಸಾಧ್ಯವಿಲ್ಲ ಎಂದು ಈಗ ಗೂಡಿನ ಬಾಗಿಲನ್ನು ಎರಡೂ ಕೈಯಿಂದ ಎಳೆಯುತ್ತ ಅವಳಿಗೆ ಅನಿಸಿತು. ನಿನ್ನೆ ಮತ್ತೆ ಮೇಲೆ ಓಡಿದ್ದಳು. ಯಂತ್ರ ತಿರುಗಿತ್ತು. ರೆನಾಲ್ಡ್ ಬಂದಿದ್ದ. ಕುರ್ಚಿಯ ಅಡ್ಡಪಟ್ಟಿ ಹಿಡಿದ ಅವನ ಬೆರಳುಗಳು ಬಿಡಲು ಒಲ್ಲವು. ಒಂದೊಂದನ್ನೇ, ಮಗುವಿನ ಮುಷ್ಟಿಯಿಂದ ಕಲ್ಲುಸಕ್ಕರೆ ಬಿಡಿಸಿದಂತೆ ಬಿಡಿಸಬೇಕಾಯಿತು. ಎರಡು ಬೆರಳ ತುದಿ ಮೇಣದ ಹಾಗೆ ಬಿಳಿಚಿದ್ದವು. ಆಗ ಆ ಮುದುಕ, ತುಟಿ ಸರಿಯಾಗಿ ಕೂಡದೆ, "ಕ್ಷಮಿಸಮ್ಮ, ನಾನೇ ಲೇಟಾಗಿ ಹತ್ತಿಬಿಟ್ಟೆ" ಎಂದ.

ಕೆಳಗೆ ಬೆಟ್ಟದ ಉಸ್ತುವಾರಿಯ ಮಾರ್ಗೂ ಪೆಲ್ಟಿಯೆ ನಿಂತಿದ್ದಳು. ಬೆಟ್ಟದವರೆಲ್ಲ ಆಕೆಯನ್ನು ಕರೆಯುವುದು ತಾಂತ್ ಎಂದು, ಅತ್ತೆ ಅನ್ನುವ ಸಲಿಗೆಯಲ್ಲಿ. ಆಕೆ ರೆನಾಲ್ಡ್‌ನನ್ನು ತನ್ನ ಕಾರಿನಲ್ಲೇ ಕೂರಿಸಿಕೊಂಡು, ಅವನ ಕೈಗಳನ್ನು ತನ್ನ ಕೋಟಿನ ಕಂಕುಳಿಗೆ ಸಿಕ್ಕಿಸಿಕೊಂಡು, ಕಿಟಕಿ ಇಳಿಸಿ ಒಡೀಲ್‌ಗೆ ಹೇಳಿದ್ದು ಒಂದೇ ಮಾತು: "ನಾಳೆ ಎಂದಿನ ಹೊತ್ತಿಗೇ ಬಾ." ಇದು ಬೈಗುಳವೇ, ಬೆದರಿಕೆಯೇ, ಕರುಣೆಯೇ? ರಾತ್ರಿಯೆಲ್ಲ ಆ ಮಾತನ್ನು ನಾಣ್ಯದಂತೆ ತಿರುವಿ ನೋಡಿದರೂ ಎರಡೂ ಮಗ್ಗುಲು ಸವೆದುಹೋಗಿದ್ದವು.

ಹತ್ತು ಗಂಟೆಯ ಹೊತ್ತಿಗೆ ಜನ ಬರತೊಡಗಿದರು. ಒಬ್ಬೊಬ್ಬರೂ ಕುರ್ಚಿಯಿಂದ ಜಾರಿ ಇಳಿಯುವಾಗ ಗೂಡಿನ ಕಡೆ ಕತ್ತು ತಿರುಗಿಸುತ್ತಿದ್ದಾರೆ ಎನಿಸಿತು. ಎಂದೂ ಹೀಗೇ ತಿರುಗಿಸುತ್ತಿದ್ದರೋ, ಇವತ್ತು ಮಾತ್ರವೋ ಎಂದು ನೆನಪಾಗಲಿಲ್ಲ. ಒಬ್ಬಳು ಹೆಂಗಸು ಮಗಳ ಕೈ ಹಿಡಿದು ಇಳಿಯುತ್ತ, "ನಮ್ಮನ್ನ ಎಣಿಸ್ಕೊಳಿ ಮೇಡಂ, ಇಬ್ರು ಬಂದಿದೀವಿ" ಎಂದು ನಕ್ಕಳು. ಒಡೀಲ್ ಕೂಡ ನಕ್ಕಳು. ನಕ್ಕ ಬಾಯಿ ಹಾಗೇ ಉಳಿದುಬಿಟ್ಟಿತು. ಅದನ್ನು ಮುಚ್ಚಲು ಬೇರೆ ಯಾರೋ ಬರಬೇಕೇನೋ ಎಂಬಂತೆ. ಟಿಕೆಟ್ ಕಿಟಕಿಯ ರೀಟಾ ಬಿಡುವು ಮಾಡಿಕೊಂಡು ಮೇಲೆ ಬಂದು, ಬಟ್ಟೆಯಲ್ಲಿ ಸುತ್ತಿದ ಪ್ಲೋಯ್‌ಗಳನ್ನು ಸ್ಟೂಲಿನ ಪಕ್ಕ ಇಟ್ಟಳು. ಒಂದೇ ಮಗ್ಗುಲು ಬೇಯಿಸಿದ, ಮೈಯೆಲ್ಲ ಕಣ್ಣುಬಿಟ್ಟ, ಬೆಣ್ಣೆ ಕುಡಿದ, ದೋಸೆಯಂಥ ಪ್ಲೋಯ್.

"ತಿನ್ನೇ. ನಿನ್ನೆಯಿಂದ ಏನೂ ತಿಂದಿರಲ್ಲ ನೀನು."

"ತಿಂದಿದೀನಿ."

"ಸುಳ್ಳು. ನೋಡು, ನಿಮ್ಮಮ್ಮ ಹೋಗಿ ಇನ್ನೂ ವರ್ಷ ತುಂಬಿಲ್ಲ. ಮನಸ್ಸು ಎಲ್ಲೋ ಇರತ್ತೆ ಪಾಪ. ಯಾರಿಗಾದ್ರೂ ಆಗತ್ತೆ. ಎಲ್ರಿಗೂ ಅದನ್ನೇ ಹೇಳ್ತಿದೀನಿ ನಾನು."

ಎಲ್ರಿಗೂ ಅದನ್ನೇ ಹೇಳುತ್ತಿದ್ದಾಳೆ! ಸತ್ತ ಅಮ್ಮನನ್ನು ಈ ಚಳಿಯಲ್ಲಿ ಮಣ್ಣಿನಿಂದೆಬ್ಬಿಸಿ, ತನ್ನ ಪರವಾಗಿ ಸಾಕ್ಷಿ ಹೇಳಲು ಊರ ಮುಂದೆ ನಿಲ್ಲಿಸಿದಂತಾಯಿತು. ನಿನ್ನೆ ಆ ಗಳಿಗೆಯಲ್ಲಿ ಅಮ್ಮ ನೆನಪಾಗಿರಲೇ ಇಲ್ಲ. ಅದನ್ನು ರೀಟಾಗೆ ಹೇಗೆ ಹೇಳುವುದು? ಬೆಳಿಗ್ಗೆ ಡೆನಿಸ್ ಫೋನಿನಲ್ಲಿ ಬೇರೆ ಕಾರಣ ಕೊಟ್ಟಿದ್ದ, ಆ ಹಿಮದಲ್ಲಿ ದೇವರಿಗೇ ಏನೂ ಕಾಣುತ್ತಿರಲಿಲ್ಲವಂತೆ. ಎಲ್ಲರೂ ಒಂದೊಂದು ಕಾರಣವನ್ನು ಬೆಚ್ಚಗಿನ ಶಾಲಿನಂತೆ ತಂದು ಹೊದೆಸುತ್ತಿದ್ದಾರೆ. ಹೊದೆದಷ್ಟೂ ಒಳಗೆ ಇರುವವಳು ಯಾರಿಗೂ ಕಾಣದೆ ಚಳಿಗೆ ನಡುಗುತ್ತಿದ್ದಳು. ಅವಳ ಮೆಮೇರ್, ಅಜ್ಜಿ, ಒಲೆಯ ಮುಂದೆ ಆಲೂಗಡ್ಡೆ ಸುಲಿಯುತ್ತ ಒಂದು ಕಥೆ ಹೇಳುತ್ತಿದ್ದಳು. ಗಾಳಿಯ ಮಗಳು ಜನರನ್ನು ಮಡಿಲಲ್ಲಿ ತುಂಬಿಕೊಂಡು ನದಿ ದಾಟಿಸುತ್ತಿದ್ದಳಂತೆ. ಒಂದು ಸಂಜೆ ಅವಳಿಗೆ ಮನೆಗೆ ಹೋಗುವ ಅವಸರ. ಆಚೆ ದಡದಲ್ಲಿ ನೋಡದೆ ಮಡಿಲು ಕೊಡವಿ ಹೊರಟುಬಿಟ್ಟಳು. ಒಬ್ಬ ಮಾತ್ರ ಮಡಿಲ ಅಂಚಿಗೆ ಸಿಕ್ಕಿಕೊಂಡು ಬಂದವನು ಮರದ ತುದಿಯಲ್ಲಿ ಉಳಿದ. ಆಮೇಲೆ ಏನಾಯ್ತು ಮೆಮೇರ್, ಅವನು ಸತ್ತುಹೋದ್ನಾ? ಅವನಿಗೇನು, ಬೆಳಗಾದಾಗ ಹಕ್ಕಿಗಳು ಇಳಿಸಿದ್ವು. ಗಾಳಿಮಗಳಿಗೆ ಮಾತ್ರ ಅವತ್ತಿನಿಂದ ಊಟ ರುಚಿಸಲಿಲ್ಲ. ಆಗ ಒಡೀಲ್‌ಗೆ ಈ ಕಥೆಯ ಕೊನೆ ಸಪ್ಪೆ ಎನಿಸುತ್ತಿತ್ತು. ಶಿಕ್ಷೆ ಎಂದರೆ ಕಲ್ಲಾಗಬೇಕು, ಕಪ್ಪೆಯಾಗಬೇಕು. ಊಟ ರುಚಿಸದಿರುವುದೂ ಒಂದು ಶಿಕ್ಷೆಯೇ? ಪ್ಲೋಯ್ ತಣ್ಣಗಾಗಿ ಬೆಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತು.

ಗೂಡಿನ ಬೀಗದಕೈ ಅವಳ ಜೇಬಿನಲ್ಲಿತ್ತು. ಸಂಜೆ ಅದನ್ನು ಮಾರ್ಗೂವಿನ ಮೇಜಿನ ಮೇಲಿಟ್ಟು ಹೊರಟುಬಿಡುವುದೆಂದು ಬೆಳಗಿನ ಜಾವವೇ ತೀರ್ಮಾನವಾಗಿತ್ತು. ಅವರು ತೆಗೆದುಹಾಕುವ ಮೊದಲು ತಾನೇ ಹೋದರೆ ಮರ್ಯಾದೆ ಎಂದೂ ಅಲ್ಲ. ಮತ್ತೆ ಸಂಜೆಯಾಗಿ, ಮತ್ತೆ ಕೆಂಪು ಬಟ್ಟೆ ಬಂದು, ಮತ್ತೆ ಆ ಮಾತು ಹೇಳಬೇಕಾದಾಗ ಬಾಯಿ ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಈ ಗೂಡು ಬಿಟ್ಟು ತಾನು ಯಾರು? ಕೆನಡಾದ ಬೆಟ್ಟಗಳು ನೀಲಿಯಾಗುವ ಈ ಕಿಟಕಿ, ಕೇಬಲ್ಲಿನ ಒಂದೇ ಸಮನೆ ಗುಂಯ್, ಹತ್ತುವಾಗ ಬಿಗಿದಿದ್ದ ಮುಖಗಳು ಇಳಿಯುವ ಹೊತ್ತಿಗೆ ಸಡಿಲವಾಗುವುದು. ಇದನ್ನು ಕೆಲಸ ಎಂದು ಕರೆದರೂ ಅವಳಿಗೆ ಅದು ಮನೆಯೇ. ಕಳೆದ ಮಾರ್ಚಿನಲ್ಲಿ ಅಮ್ಮ ಹಾಸಿಗೆ ಹಿಡಿದಾಗ ಎಲ್ಲರೂ, ಅಮ್ಮ ಹೇಗಿದಾರೆ, ಅಮ್ಮ ಹೇಗಿದಾರೆ ಎಂದು ಕೇಳಿ ಕೇಳಿ ಸುಸ್ತು ಮಾಡಿದ್ದರು. ಮಾರ್ಗೂ ಮಾತ್ರ ಒಮ್ಮೆ ಅಂಗಳ ದಾಟುತ್ತ, ಸೊಂಟನೋವಿನ ಕಾಲು ಎಳೆದುಕೊಂಡು ನಿಂತು, "ನಿಮ್ಮಮ್ಮ ಯಾವ ಹೊತ್ತಲ್ಲಿ ಗೆಲುವಾಗಿರ್ತಾರೆ?" ಎಂದು ಕೇಳಿದ್ದಳು. ಬೆಳಿಗ್ಗೆ, ಹನ್ನೊಂದರ ತನಕ ಎಂದಿದ್ದಕ್ಕೆ ಹೂಂ ಎಂದು ಹೋಗಿದ್ದಳು. ಮರುದಿನದಿಂದ ಬೆಳಗಿನ ಪಾಳಿಗೆ ಮೇಲಿನ ಗೂಡಿನಲ್ಲಿ ಆಕೆಯೇ ಕೂತಳು, ಅಮ್ಮ ಹೋಗುವವರೆಗೂ. ಆ ಬೆಳಗುಗಳಲ್ಲಿ ಅಮ್ಮ ಹಾಡಿದ್ದು, ತನ್ನನ್ನು ಗುರುತು ಹಿಡಿದು ಬೈದದ್ದು, ಎಲ್ಲ ಮಾರ್ಗೂವಿನ ಒಂದು ಪ್ರಶ್ನೆಯಿಂದ ಬಂದದ್ದು. ಅಂಥವಳ ಬೆಟ್ಟದ ಮೇಲೆ ತಾನು ಒಬ್ಬ ಮುದುಕನನ್ನು ನೇತುಹಾಕಿದೆ.

ಮಧ್ಯಾಹ್ನ ಹಿಮಬಂಡಿಯ ಸದ್ದಾಯಿತು. ಮಾರ್ಗೂ ಕಂಬಳಿಯೊಂದನ್ನು ಕಂಕುಳಲ್ಲಿಟ್ಟು ಏದುಸಿರು ಬಿಡುತ್ತ ಬಂದಳು. ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಒಡೀಲ್ ನೂಕಿ, ಹೊರಗಿನಿಂದ ಆಕೆ ಹಿಮ ಒದ್ದು, ಕೊನೆಗೆ ಇಬ್ಬರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವಂತೆ ಅದು ತೆರೆದುಕೊಂಡಿತು.

"ಸರಿ, ನೀನು ನಿಂತ್ಕೋ. ನಾನು ಕೂತ್ಕೋತೀನಿ" ಎಂದು ಮಾರ್ಗೂ ಸ್ಟೂಲಿನ ಮೇಲೆ ಕುಳಿತಳು. ಕಿಟಕಿಯಲ್ಲಿ ನೋಡಿದಳು. ಕುರ್ಚಿಗಳು ಬಂದವು, ಹೋದವು. ಒಡೀಲ್‌ಗೆ ಈಗ ಬಂತು ಬೈಗುಳ ಎನಿಸಿತು.

"ಇಲ್ಲಿಂದ ಏನೂ ಕಾಣಲ್ವಲ್ಲೇ."

"ಉಜ್ಜಿದ್ರೆ ಕಾಣತ್ತೆ, ತಾಂತ್."

"ನಿನ್ನೆ ಚಳಿ ಜಾಸ್ತಿ ಇತ್ತಾ?"

"ಇತ್ತು."

"ಅಷ್ಟೇನಾ?"

ಒಂದು ಕ್ಷಣ ರೀಟಾ ಹೊದೆಸಿದ ಶಾಲು ನೆನಪಾಯಿತು. ಎಷ್ಟು ಸುಲಭ. ಅಮ್ಮ ಎಂದರೆ ಸಾಕು. "ಅಷ್ಟೇ. ಅಮ್ಮನ ನೆನಪು ಅಲ್ಲ, ಏನೂ ಅಲ್ಲ. ಎದ್ದು ಆಚೆ ಹೋಗೋಕೆ ಬೇಜಾರಾಯ್ತು. ಅಷ್ಟೇ."

ಮಾರ್ಗೂ ಮುಖ ಗಂಟಿಕ್ಕಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. "ಹೂಂ. ಹಾಗೇ ಅಂದ್ಕೊಂಡೆ" ಎಂದಳು. ಎಷ್ಟೋ ಹೊತ್ತಿನಿಂದ ಕಿಕ್ಕಿರಿದ ಜಾತ್ರೆಯಲ್ಲಿ ಹೆಸರು ಬದಲಾಗಿ ಕೂಗಿಸಿಕೊಳ್ಳುತ್ತಿದ್ದವಳಿಗೆ ಯಾರೋ ಕೊನೆಗೆ ತನ್ನದೇ ಹೆಸರು ಹಿಡಿದು ಕರೆದಂತಾಗಿ ಒಡೀಲ್ ಗೋಡೆಗೆ ಒರಗಿಕೊಂಡಳು. ಮಾರ್ಗೂ ಎದ್ದು ಬಾಗಿಲಿನ ಬಳಿ ಹೋಗಿ, ನೂಕಿ, ಹೊರಗೆ ಹೋಗಿ, ಒಂದು ಕುರ್ಚಿಯ ಬೆನ್ನು ಮುಟ್ಟಿ, ವಾಪಸು ಬಂದಳು. ಮತ್ತೆ ಹೋದಳು. ಸೊಂಟ ಹಿಡಿದುಕೊಂಡು ಮತ್ತೆ ಬಂದಳು. ಪ್ರತಿಸಲವೂ ಗಾಳಿ ಬಾಗಿಲನ್ನು ಕಿತ್ತುಕೊಂಡು ಆಕೆಯ ಮೊಣಕೈಗೆ ಬಡಿಯುತ್ತಿತ್ತು.

"ಗಾಳಿ ಬರೋ ದಿಕ್ಕಿಗೇ ಬಾಗಿಲಿಟ್ಟ ಪುಣ್ಯಾತ್ಮ ಯಾರು?"

"ನಿಮ್ಮ ಯಜಮಾನ್ರೇ, ತಾಂತ್."

"ಬದುಕಿದ್ದಾಗ್ಲೂ ಅಷ್ಟೇ. ಗಾಳಿ ಎತ್ತ ಬೀಸ್ತಿದೆ ಅಂತ ನೋಡ್ದೇ ಬಾಯಿ ತೆರೀತಿದ್ದ, ಪಾಪಿ." ಜೇಬಿನಿಂದ ತಿರುಪುಳಿ ತೆಗೆದು ಕೀಲುಗಳನ್ನು ಬಿಚ್ಚತೊಡಗಿದಳು. "ನಾಳೆ ಬಡಗಿ ಬರ್ತಾನೆ, ಆ ಕಡೆ ಬಾಗಿಲು ಕೊರೀತಾನೆ. ಇವತ್ತಿಗೆ ಕಂಬಳಿ. ಹಿಡ್ಕೋ ಇದನ್ನ."

ಒಡೀಲ್ ಬಾಗಿಲು ಹಿಡಿದಳು. ಹಿಡಿದವಳಿಗೆ ಇದ್ದಕ್ಕಿದ್ದಂತೆ ರೇಗಿತು. "ಬಾಗಿಲಿನ ತಪ್ಪಲ್ಲ ತಾಂತ್ ಅದು. ನೀವೂ ಶುರು ಮಾಡ್ಬೇಡಿ."

"ನಿನ್ನ ತಪ್ಪು ನಿನ್ನದೇ ಕಣೇ. ಅದನ್ನ ಕಿತ್ಕೊಳ್ಳೋಕೆ ಬಂದಿಲ್ಲ ನಾನು. ಬಾಗಿಲಿಂದು ಮಾತ್ರ ನಂದು. ಅದನ್ನ ತಗೊಂಡ್ಹೋಗ್ತೀನಿ." ಬಾಯಲ್ಲಿ ತಿರುಪು ಕಚ್ಚಿಕೊಂಡೇ ಹೇಳಿದ ಮಾತು. ಬಾಗಿಲು ಕಳಚಿತು. ಬಯಲು ಒಮ್ಮೆಲೇ ಗೂಡಿನೊಳಗೆ ನುಗ್ಗಿ ಬಂದು ಹೀಟರಿನ ಮುಂದೆ ಕುಳಿತಂತಾಯಿತು.

ಕಂಬಳಿಗೆ ಮೊಳೆ ಹೊಡೆಯುವಾಗ ಒಡೀಲ್ ಕೇಳಿದಳು: "ರೆನಾಲ್ಡ್ ಹೇಗಿದಾರೆ?"

"ಬೆರಳು ಉಳೀತವೆ. ಚರ್ಮ ಸುಲೀಬೋದು. ನಿನ್ನೆ ರಾತ್ರಿ ಪೂರ್ತಿ ಅವನ ಅಡುಗೆಮನೇಲೇ ಕೂತಿದ್ದೆ. ಕೂಗಿದ್ನಂತೆ ಮೊದ್ಲು. ಆಮೇಲೆ ಕೂಗೋದು ನಾಚಿಕೆ ಆಯ್ತಂತೆ."

"ಇವತ್ತು ಹೋಗಿ ಬರ್ಲಾ?"

"ಬೇಡ. ಇವತ್ತು ಹೋದ್ರೆ ನಿನ್ನ ಸಮಾಧಾನಕ್ಕೆ ಹೋದಂಗೆ. ಅವನು ಮಲಗಿದಾನೆ. ಅವನಿಗೆ ನೀನು ಬೇಕಾದಾಗ ಹೇಳ್ತಾನೆ, ಆಗ ಹೋಗು. ಬೈದ್ರೆ ಬೈಸ್ಕೋ."

"ಬೆಟ್ಟದ ಸಮಿತಿಯವರು ಏನಂದ್ರು?"

ಮಾರ್ಗೂ ಸುತ್ತಿಗೆ ಇಳಿಸಿದಳು. "ನಿನ್ನನ್ನ ಮೇಲಿಂದ ತೆಗೀಬೇಕಂತೆ. ಟಿಕೆಟ್ ಕಿಟಕಿ, ಇಲ್ದಿದ್ರೆ ಮನೆ. ಜೆರಾರ್ ಪ್ಲೂರ್ಡ್ ಅಂತೂ ಮೇಜು ಗುದ್ದಿದ. ಅವನ ಮೊಮ್ಮಕ್ಕಳು ಇದೇ ಲಿಫ್ಟ್ ಹತ್ತೋದು, ತಪ್ಪೇನಿಲ್ಲ ಗುದ್ದಿದ್ದು."

"ನೀವೇನಂದ್ರಿ?"

"ಸಂಜೆ ಹೇಳ್ತೀನಿ ಅಂದೆ." ಬಂಡಿಗೆ ಬಾಗಿಲನ್ನು ಅಡ್ಡ ಕಟ್ಟಿಕೊಂಡು, ಹೆಣ ಸಾಗಿಸುವವಳಂತೆ ಆಕೆ ಇಳಿಜಾರಿನಲ್ಲಿ ಮರೆಯಾದಳು. ಸಂಜೆ ಏನು ಹೇಳುತ್ತಾಳೆ? ಒಡೀಲ್ ಕೇಳಲಿಲ್ಲ. ಬೀಗದಕೈಯ ಮಾತನ್ನೂ ಎತ್ತಲಿಲ್ಲ. ಆಮೇಲೆ ನೆನಪಾಗಿ ತನಗೇ ನಗು ಬಂತು. ಬಾಗಿಲೇ ಇಲ್ಲದ ಗೂಡಿಗೆ ಇನ್ನು ಯಾವ ಬೀಗದಕೈ ಹಿಂದಿರುಗಿಸುವುದು?

ಕಂಬಳಿ ಉಸಿರಾಡುವ ಪ್ರಾಣಿಯಂತೆ ಉಬ್ಬುತ್ತ ತಗ್ಗುತ್ತ ಇತ್ತು. ಮಧ್ಯಾಹ್ನ ಕರಗಿ ಬೆಟ್ಟಗಳ ನೀಲಿ ಕಪ್ಪಾಗತೊಡಗಿತು. ಹಿಮ ಮತ್ತೆ ಶುರುವಾಯಿತು, ನಿನ್ನೆಯಷ್ಟಲ್ಲ, ಆದರೂ ಅಡ್ಡಡ್ಡ. ಜನ ತೆಳುವಾದರು. ಖಾಲಿ ಕುರ್ಚಿಗಳು ಒಂದರ ಹಿಂದೊಂದು ಬಂದು, ಅವಳನ್ನು ನೋಡಿ, ತಿರುಗಿ ಹೋಗುತ್ತಿದ್ದವು. ಡೆನಿಸ್‌ಗೆ ಫೋನು ಮಾಡಿ ಕೊನೆಯ ಕುರ್ಚಿ ನೋಡಿಕೊಳ್ಳಲು ಬೇರೆ ಯಾರನ್ನಾದರೂ ಮೇಲೆ ಕಳಿಸು ಎಂದುಬಿಡಲೇ? ಹೊಟ್ಟೆನೋವು ಎಂದರೆ ಆಯಿತು. ಕೈ ಫೋನಿನ ಮೇಲಿರುವಾಗಲೇ ಅದು ಕಿರುಚಿಕೊಂಡಿತು.

"ಮಹಾರಾಣಿ," ಡೆನಿಸ್‌ನ ದನಿಯಲ್ಲಿ ತಮಾಷೆ ಇರಲಿಲ್ಲ, "ಬಟ್ಟೆ ಕಟ್ಟಿ ಕಳಿಸ್ದೆ. ಅದರ ಮುಂದಿನ ಕುರ್ಚೀಲಿ ಇಬ್ರಿದಾರೆ."

"ಯಾರು?"

"ತಾಂತ್. ಜೊತೆಗೆ ಪ್ಲೂರ್ಡ್. ಸಮಿತಿಗೆ ಉತ್ತರ ಹೇಳ್ತೀನಿ ಬಾ ಅಂತ ಕರ್ಕೊಂಡು ಬಂದು ಕೂರಿಸ್ಕೊಂಡ್ಳು. ಅವನು ಬರಲ್ಲ ಅಂದ. ತಾಂತ್ ಅವನ ಮಡಿಲ ಮೇಲೆ ಅಡ್ಡಪಟ್ಟಿ ಎಳೆದ್ಬಿಟ್ಳು."

ಒಡೀಲ್ ಕಂಬಳಿ ಸರಿಸಿ ಹೊರಗೆ ಬಂದಳು. ಗಾಳಿ ಮುಖಕ್ಕೆ ಹೊಡೆಯಿತು, ಬೈದ ಹಾಗೆ, ಅವಳು ಬೈಸಿಕೊಂಡಳು. ಕೇಬಲ್ಲು ಗುಂಯ್ ಎನ್ನುತ್ತ ಬಿಳಿಯೊಳಗಿಂದ ಕುರ್ಚಿಗಳನ್ನು ಹೆರುತ್ತಿತ್ತು. ಖಾಲಿ. ಖಾಲಿ. ಖಾಲಿ. ಸೊಂಟ ನೋಯುವ, ಸ್ಕೀ ಕಟ್ಟಲಾಗದ ಹೆಂಗಸು, ನೆಲದಿಂದ ಅಷ್ಟೆತ್ತರದಲ್ಲಿ, ಕತ್ತಲಾಗುವ ಹೊತ್ತಿನಲ್ಲಿ, ಒಡೀಲ್‌ಳ ಒಂದು ಮಾತಿಗೆ ಜೀವ ಒಪ್ಪಿಸಿ ಬರುತ್ತಿದ್ದಾಳೆ. ಆಕೆಯೊಬ್ಬಳೇ ಬಂದಿದ್ದರೆ ಪ್ರೀತಿ ಎಂದು ಅಳಬಹುದಿತ್ತು. ಮೇಜು ಗುದ್ದಿದವನನ್ನೂ ಜೊತೆಗೆ ಕೂರಿಸಿಕೊಂಡು ಬಂದು ಅಳುವುದಕ್ಕೂ ಜಾಗವಿಲ್ಲದ ಹಾಗೆ ಮಾಡಿಟ್ಟಿದ್ದಾಳೆ. ಅವಳ ಕಣ್ಣು ಬಿಳಿಯನ್ನು ಕೊರೆಯಿತು. ಮೊದಲು ನಾಲ್ಕು ಬೂಟು ಕಂಡವು. ಆಮೇಲೆ ಪ್ಲೂರ್ಡನ ಕೆಂಪು ಮೂಗು. ಆಮೇಲೆ ಮಾರ್ಗೂ. ಆಕೆ ಹೆದರಿದ್ದಳು. ಅಡ್ಡಪಟ್ಟಿಯನ್ನು ಎರಡೂ ಕೈಯಲ್ಲಿ ಅವಚಿ ಹಿಡಿದು, ರೆಪ್ಪೆಗಳ ತುಂಬ ಹಿಮ, ತುಟಿ ಬಿಗಿದುಕೊಂಡು, ನಿಜವಾಗಿಯೂ ಹೆದರಿದ್ದಳು.

ಒಡೀಲ್ ಯಂತ್ರದ ಓಟ ತಗ್ಗಿಸಿದಳು. ಪಟ್ಟಿ ಎತ್ತಿದಳು. ಮಾರ್ಗೂವಿನ ಭಾರವೆಲ್ಲ ಅವಳ ತೋಳಿನ ಮೇಲೆ ಬಂತು. ಒಂದು ಗಳಿಗೆ ಇಬ್ಬರೂ ಬೀಳುತ್ತಾರೆ ಎನಿಸಿ, ಬೀಳದೆ ನಿಂತರು. ಪ್ಲೂರ್ಡ್ ತಾನೇ ಜಾರಿ, ಮಂಡಿಯೂರಿ, ಟೋಪಿ ಹುಡುಕಿಕೊಂಡು ಎದ್ದ. ಹಿಂದೆಯೇ ಕೆಂಪು ಬಟ್ಟೆ ಬಂತು. ಗಂಟು ಹೆಪ್ಪುಗಟ್ಟಿತ್ತು. ಕೈಗವಸು ಕಚ್ಚಿ ಕಿತ್ತು, ಕುರ್ಚಿಯ ಜೊತೆ ಹೆಜ್ಜೆ ಹಾಕುತ್ತ ಬರಿ ಬೆರಳಲ್ಲಿ ಬಿಚ್ಚಿದಳು.

ಫೋನು ಕೈಯಲ್ಲಿತ್ತು. ಬಟ್ಟೆ ಕೈಯಲ್ಲಿತ್ತು. ಆದರೂ ಅವಳು "ಕೈಯಲ್ಲಿದೆ" ಎನ್ನಲಿಲ್ಲ. ಬಟ್ಟೆಯ ಹಿಂದಿನ ಕುರ್ಚಿ ಬರಲಿ ಎಂದು ನಿಂತಳು. ಅದು ಬಂತು, ಖಾಲಿ. ಅದರ ಹಿಂದಿನದು. ಅದರ ಹಿಂದಿನದು. ಕಟ್ಟುಪಾಡಿನಲ್ಲಿ ಇದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಒಂದೊಂದು ಕುರ್ಚಿಯ ಸೀಟಿನ ಮೇಲೂ ಅಂಗೈಯಿಟ್ಟು ಮುಟ್ಟಿ ಮುಟ್ಟಿ ಕಳಿಸಿದಳು.

"ನಿಲ್ಲಿಸ್ಲೇನಮ್ಮಾ?" ಫೋನಿನಲ್ಲಿ ಡೆನಿಸ್ ಕೇಳಿದ.

"ಏನು ಇನ್ನೂ?" ಪ್ಲೂರ್ಡ್ ಕಂಬಳಿಯ ಕಡೆ ಹೆಜ್ಜೆಯಿಟ್ಟ. "ಎಲ್ಲಾ ಇಳಿದಾಯ್ತಲ್ಲ ಮಾರ್ಗೂ, ಸಾಯೋಂಗಾಗಿದೆ ಚಳಿ, ಒಳಗೆ ಹೋಗೋಣ ನಡಿ."

ಮಾರ್ಗೂ ಗಾಳಿಗೆ ಬೆನ್ನು ಕೊಟ್ಟು ಗೋಡೆಯಂತೆ ನಿಂತಳು. ಆಕೆಯ ಹಲ್ಲುಗಳು ಕಟಕಟ ಎನ್ನುತ್ತಿದ್ದವು.

"ಇರು ಜೆರಾರ್," ಎಂದಳು. "ಅವಳು ಇನ್ನೂ ಹೇಳಿಲ್ಲ."